ಈ ಸಲದ ಪದ್ಮಶ್ರೀ ಯಾವ ನಟಿಗೆ? ನಾಟಕ ನೋಡದೇ ಹೇಳ್ತೀನಿ, ಕೇಳಿ

ಜನವರಿ 25ರ ಸಂಜೆ ದಿಲ್ಲಿಯಿಂದ ಪದ್ಮ ಪ್ರಶಸ್ತಿಗಳ ಪಟ್ಟಿ ಬರುತ್ತದೆ. ಅದಕ್ಕೆ ಒಂದು ವಾರ ಮೊದಲೇ ನಮ್ಮ ಮಗರಪಟ್ಟಾದ ಕನ್ನಡ ಮಂದಿಯಲ್ಲಿ ಭವಿಷ್ಯ ಹೇಳುವ ಉಮೇದು ಶುರುವಾಗುತ್ತದೆ. ಕ್ರಿಕೆಟ್ಟಿನವರು ಯಾರು, ಸಿನಿಮಾದವರು ಯಾರು, ಡಾಕ್ಟರು ಯಾರು ಅಂತ ಎಲ್ಲ ಮುಗಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಅಲ್ರೀ, ನಮ್ಮ ಕಂಪನಿ ನಾಟಕದಾಗ ಹಾಡ್ತಿದ್ದ ಹೆಣ್ಣುಮಕ್ಕಳಿಗೆ ಯಾರಿಗಾದ್ರೂ ಬರಬಹುದೇನ್ರೀ ಈ ಸಲ?" ಇಲ್ಲಿರುವವರಲ್ಲಿ ಬಿಜಾಪುರ, ಬಾಗಲಕೋಟೆ, ಗದಗ, ಕಲಬುರ್ಗಿ ಕಡೆಯವರೇ ಜಾಸ್ತಿ ನೋಡಿ. ಜಾತ್ರೆಯ ತಗಡಿನ ಥೇಟರಿನಲ್ಲಿ ನಾಟಕ ನೋಡಿ ಬೆಳೆದವರು. ಕೂಡಲೇ ಎರಡು ಮೂರು ಹೆಸರು ಮೇಲೆ ಬರುತ್ತವೆ. "ಅವರಿಗೆ ಬಂದೇ ಬರತೈತಿ, ಬರದ ಇಟ್ಕೋರಿ" ಅಂತ ಒಬ್ಬರು. "ಏ, ಅವರು ಈಗ ಎಲ್ಲಿ ಅದಾರ್ರೀ" ಅಂತ ಇನ್ನೊಬ್ಬರು.

ನನಗೆ ಈ ಆಟ ಕಂಡರೆ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳಿಯೇ ಬಿಡುತ್ತೇನೆ. ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೆಲಸ. ಸಂಗೀತದ ವ್ಯಾಕರಣ ನನಗೆ ಬಾರದು. ಯಾವ ರಾಗ ಅಂತ ಕೇಳಿದರೆ ನಾಲ್ಕರಲ್ಲಿ ಮೂರು ಸಲ ಬಾಯಿ ಮುಚ್ಚಿಕೊಂಡಿರುವವನು ನಾನು. ಅಂಥ ನಾನೂ ಕೂಡ, ಒಬ್ಬ ನಟಿಯ ಹಾಡನ್ನು ಒಂದೇ ಒಂದು ಸಲ ಕೇಳದೆ, ಅವಳಿಗೆ ಪ್ರಶಸ್ತಿ ಬರುತ್ತದೋ ಇಲ್ಲವೋ ಅಂತ ಸುಮಾರಾಗಿ ಸರಿಯಾಗಿ ಹೇಳಬಲ್ಲೆ. ಸಾಲದ ಅರ್ಜಿ ನೋಡಿ ಇದು ಮಂಜೂರಾಗುತ್ತದೆ, ಇದು ಆಗುವುದಿಲ್ಲ ಅಂತ ಹೇಳುತ್ತೇವಲ್ಲ, ಹಾಗೆಯೇ. ಕಾಗದ ನೋಡಿದರೆ ಸಾಕು, ಮನುಷ್ಯನನ್ನು ನೋಡುವ ಅಗತ್ಯವೇ ಇಲ್ಲ. ಕಿವಿ ಇಲ್ಲದವನೂ ಗೆಲ್ಲಬಹುದಾದ ಈ ಆಟದಲ್ಲಿ ಕಲೆಯ ಪಾಲು ಎಷ್ಟು, ಸ್ವಾಮೀ?

ಅಮೆರಿಕದ ಬ್ರಾಡ್‌ವೇಯಲ್ಲೂ ಪ್ರತಿ ವರ್ಷ ಇಂಥದೇ ಭವಿಷ್ಯ ನಡೆಯುತ್ತದೆ. ಅವರ ದೊಡ್ಡ ಪ್ರಶಸ್ತಿ ಟೋನಿ. ಸಂಗೀತ ನಾಟಕದ ಶ್ರೇಷ್ಠ ನಟಿ ಯಾರು ಅಂತ ವಾರಗಟ್ಟಲೆ ವಾದ. 2025ರಲ್ಲಿ ಒಂದು ಕಡೆ 'ಜಿಪ್ಸಿ' ನಾಟಕದ ಆಡ್ರಾ ಮೆಕ್‌ಡೊನಾಲ್ಡ್. ಆಕೆಗೆ ಅದಕ್ಕೆ ಮೊದಲೇ ಆರು ಟೋನಿ ಬಂದಿದ್ದವು. ಇನ್ನೊಂದು ಕಡೆ 'ಸನ್‌ಸೆಟ್ ಬುಲೆವಾರ್ಡ್' ನಾಟಕದ ನಿಕೋಲ್ ಷೆರ್ಜಿಂಗರ್. ಆಕೆ ಪಾಪ್ ಹಾಡಿನ ಲೋಕದಿಂದ ಬಂದವಳು, ಬ್ರಾಡ್‌ವೇಗೆ ಹೊಸಬಳು. ಜೂನ್ 8ರ ರಾತ್ರಿ ಗೆದ್ದದ್ದು ಹೊಸಬಳೇ. ಸರಿಯೋ ತಪ್ಪೋ ಅನ್ನುವ ಜಗಳ ನಮಗೆ ಬೇಡ. ಆ ಜಗಳ ಯಾವುದರ ಮೇಲೆ ನಡೆಯಿತು ಅನ್ನುವುದನ್ನು ನೋಡಿ. ಆ ಹಂಗಾಮಿನಲ್ಲಿ, ಆ ರಂಗದ ಮೇಲೆ, ಆ ಪಾತ್ರವನ್ನು ಆಕೆ ಹೇಗೆ ಹಾಡಿದಳು ಅನ್ನುವುದರ ಮೇಲೆ. ಮತ ಹಾಕುವವರು ಆ ವಿಭಾಗದ ನಾಟಕಗಳನ್ನು ನೋಡಿರಬೇಕು ಅಂತ ಅಲ್ಲಿ ನಿಯಮವೇ ಇದೆ. ಭವಿಷ್ಯ ಹೇಳುವವನೂ ಟಿಕೆಟ್ ಕೊಂಡು ನೋಡಿ ಬಂದವನೇ. ಪಂಥ ಸೋತರೂ ಒಂದು ಒಳ್ಳೆಯ ನಾಟಕ ನೋಡಿದ ಲಾಭವಾದರೂ ಅವನಿಗೆ ಉಂಟು!

ನಮ್ಮಲ್ಲಿ? ಜನವರಿ ತಿಂಗಳೇ ನಮ್ಮ ಕಂಪನಿ ನಾಟಕಗಳಿಗೆ ಸುಗ್ಗಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕಗಳು ನಡೆಯುತ್ತವೆ. ಒಂದರ ಪಕ್ಕ ಒಂದು ಥೇಟರು, ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ. ದಿಲ್ಲಿಯಲ್ಲಿ ಪಟ್ಟಿಗೆ ಸಹಿ ಬೀಳುವ ಹೊತ್ತಿಗೆ ಬಾದಾಮಿಯಲ್ಲಿ ಯಾವಳೋ ಒಬ್ಬ ನಟಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾಳೆ. ಆಯ್ಕೆ ಮಾಡುವವರು ಅಲ್ಲಿ ಹೋಗಿ ಟಿಕೆಟ್ ತೊಗೊಂಡು ಕೂಡಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ನಮ್ಮ ಭವಿಷ್ಯಕಾರರೂ ಹೋಗುವುದಿಲ್ಲ ಬಿಡಿ. ಪುಣೆಯಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಬಾಗಲಕೋಟೆ. ಆದರೂ ಇಲ್ಲ.

ಹೋಗಲಿ, ಲೆಕ್ಕಕ್ಕೆ ಬರೋಣ. ಕನ್ನಡದ ವೃತ್ತಿ ರಂಗಭೂಮಿಯ ಬೇರಿನಿಂದ ಬಂದು, ಹಾಡಿ ಆಡಿ, ಪದ್ಮಶ್ರೀವರೆಗೆ ಹೋದ ಹೆಣ್ಣುಮಕ್ಕಳು ಅಂದಕೂಡಲೇ ಮೂರು ಹೆಸರು ಬರುತ್ತವೆ. 1988ರಲ್ಲಿ ದಾವಣಗೆರೆಯ ಚಿಂದೋಡಿ ಲೀಲಾ. 2012ರಲ್ಲಿ ಆರ್. ನಾಗರತ್ನಮ್ಮ. 2013ರಲ್ಲಿ ಬಿ. ಜಯಶ್ರೀ. ಮೂವರ ಯೋಗ್ಯತೆಯ ಬಗ್ಗೆಯೂ ನನಗೆ ತಕರಾರಿಲ್ಲ, ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ, ಆಮೇಲೆ ಯಾರೂ ಜಗಳಕ್ಕೆ ಬರಬೇಡಿ. ಜಯಶ್ರೀಯವರ ದನಿ ಕೇಳಿದ ಕಿವಿ ಇನ್ನೊಂದು ದನಿಗೆ ಸುಲಭವಾಗಿ ಒಲಿಯುವುದಿಲ್ಲ. ನಾಗರತ್ನಮ್ಮ ಭೀಮ, ಕಂಸ, ರಾವಣರ ಪಾರ್ಟು ಮಾಡಿ ಗಂಡಸರನ್ನು ನಾಚಿಸಿದವರು.

ಆದರೆ ಈ ಮೂವರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಚಿಂದೋಡಿ ಲೀಲಾ ಅವರ ಮನೆತನದ್ದೇ ಕೆ.ಬಿ.ಆರ್. ಡ್ರಾಮಾ ಕಂಪನಿ. ನಾಗರತ್ನಮ್ಮ 1958ರಲ್ಲಿ ತಾವೇ ಸ್ತ್ರೀ ನಾಟಕ ಮಂಡಳಿ ಕಟ್ಟಿದವರು. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು, 1976ರಲ್ಲಿ 'ಸ್ಪಂದನ' ಕಟ್ಟಿದವರು. ಅಂದರೆ ಮೂವರಿಗೂ ಒಂದು ಸಂಸ್ಥೆ ಇತ್ತು. ಸಂಸ್ಥೆ ಅಂದರೆ ಲೆಟರ್‌ಹೆಡ್ಡು, ರಬ್ಬರ್ ಸ್ಟ್ಯಾಂಪು, ಪತ್ರಿಕೆಯ ಕತ್ತರಿಕೆಗಳನ್ನು ಅಂಟಿಸಿದ ಫೈಲು, ಅದನ್ನು ಒಯ್ದು ಕೊಡುವ ಒಬ್ಬ ಮನುಷ್ಯ. ಇವು ಪ್ರತಿಭೆಗೆ ವಿರುದ್ಧವಾದ ವಸ್ತುಗಳಲ್ಲ. ಆದರೆ ಇವು ಇಲ್ಲದ ಪ್ರತಿಭೆ ದಿಲ್ಲಿಯವರೆಗೆ ಹೋದದ್ದನ್ನು ನನಗೆ ಯಾರಾದರೂ ತೋರಿಸಿ!

ಸಂಬಳಕ್ಕೆ ಹಾಡಿದವಳ ಕಥೆ ಬೇರೆ. ಅವಳು ಇವತ್ತು ಈ ಕಂಪನಿ, ಮುಂದಿನ ಹಂಗಾಮಿಗೆ ಇನ್ನೊಂದು. ಮೈಕು ಸರಿ ಇಲ್ಲದ ಕಾಲದಲ್ಲಿ ಕಡೆಯ ಸಾಲಿನವನಿಗೂ ಮುಟ್ಟುವಂತೆ ಹಾಡಬೇಕು, ಒನ್ಸ್ ಮೋರ್ ಬಂದರೆ ಮತ್ತೆ ಹಾಡಬೇಕು. ಒನ್ಸ್ ಮೋರಿಗೆ ಬೇರೆ ಸಂಬಳ ಇಲ್ಲ. ಕೂಸನ್ನು ಬಣ್ಣದ ಮನೆಯಲ್ಲಿ ಮಲಗಿಸಿ ಬಂದು ರಂಗದ ಮೇಲೆ ದ್ರೌಪದಿ ಆಗಬೇಕು. ಹ್ಯಾಂಡ್‌ಬಿಲ್ಲಿನಲ್ಲಿ ಕಂಪನಿಯ ಹೆಸರು ದಪ್ಪಗೆ, ಮಾಲೀಕರ ಹೆಸರು ಅದರ ಕೆಳಗೆ, ಇವಳ ಹೆಸರು ಅದರ ಕೆಳಗೆ, ಅದೂ ಊರಿನ ಹೆಸರು ಸೇರಿಸಿ ಅರ್ಧ. ಕ್ಯಾಂಪ್ ಮುಗಿದ ಮೇಲೆ ಆ ಹ್ಯಾಂಡ್‌ಬಿಲ್ಲು ಚುರುಮುರಿ ಕಟ್ಟಲಿಕ್ಕೆ ಹೋಗುತ್ತದೆ. ನಲವತ್ತು ವರ್ಷದ ನಂತರ ಯಾರೋ ಬಂದು "ಸಾಧನೆಯ ದಾಖಲೆ ಲಗತ್ತಿಸಿ" ಅಂದರೆ ಅವಳು ಏನು ಲಗತ್ತಿಸಬೇಕು, ಗಂಟಲನ್ನೇ?

ಇದು ನಮ್ಮ ಕನ್ನಡದ ಹಣೆಬರಹ ಮಾತ್ರ ಅಂತ ತಿಳಿಯಬೇಡಿ. 2013ರ ಪದ್ಮಶ್ರೀ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಅದರಲ್ಲಿ ಶ್ರೀದೇವಿ ಇದ್ದರು, ನಾನಾ ಪಾಟೇಕರ್ ಇದ್ದರು, ಪೇಪರಿನವರು ಅವರದೇ ಫೋಟೋ ಹಾಕಿದರು. ಅದೇ ಪಟ್ಟಿಯಲ್ಲಿ ನಮ್ಮ ಜಯಶ್ರೀ, ನಮ್ಮ ಪುಣೆಯ ಜಯಮಾಲಾ ಶಿಲೇದಾರ್, ತೆಲುಗಿನ ಸುರಭಿ ಬಾಬ್ಜಿ. ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಯ ಹಾಡಿನ ನಾಟಕಕ್ಕೆ ಒಂದೇ ವರ್ಷ! ಸಂತೋಷಪಡಬೇಕಾದದ್ದೇ. ಆದರೆ ಮೂವರೂ ಕಂಪನಿಯ ಮನೆಯವರೇ. ಜಯಮಾಲಾಬಾಯಿ ಮತ್ತು ಅವರ ಪತಿ ಜಯರಾಮ್ ಶಿಲೇದಾರ್ ಸೇರಿ ನಡೆಸಿದ ಸಂಸ್ಥೆ 'ಮರಾಠಿ ರಂಗಭೂಮಿ'. ಬಾಬ್ಜಿಯವರದು ತಲೆತಲಾಂತರದ ಸುರಭಿ ಮನೆತನ. ನನ್ನ ಲೆಕ್ಕ ಮೂರೂ ಭಾಷೆಯಲ್ಲಿ ತಾಳೆಯಾಗುತ್ತದೆ. ಬ್ಯಾಲೆನ್ಸ್ ಶೀಟ್ ಹೀಗೆ ಟ್ಯಾಲಿ ಆದರೆ ನಮ್ಮಲ್ಲಿ ಚಹಾ ತರಿಸುತ್ತೇವೆ, ಇಲ್ಲಿ ಮಾತ್ರ ಹೊಟ್ಟೆ ಉರಿಯುತ್ತದೆ.

ಇನ್ನು ಎರಡನೆಯ ಸೂತ್ರ, ವಯಸ್ಸು. ಇದನ್ನು ಬರೆಯಲಿಕ್ಕೆ ಬೇಸರವಾಗುತ್ತದೆ, ಆದರೂ ತಾರೀಖುಗಳು ಇವು. ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ತೀರಿಕೊಂಡದ್ದು ಅದೇ 1972ರ ಅಕ್ಟೋಬರದಲ್ಲಿ. ನಾಗರತ್ನಮ್ಮ ಹುಟ್ಟಿದ್ದು 1926ರಲ್ಲಿ, ಪದ್ಮಶ್ರೀ 2012ರಲ್ಲಿ, ತೀರಿಕೊಂಡದ್ದು ಅದೇ 2012ರ ಅಕ್ಟೋಬರದಲ್ಲಿ. ಜಯಮಾಲಾ ಶಿಲೇದಾರ್ ಹುಟ್ಟಿದ್ದೂ 1926ರಲ್ಲಿ, ಪದ್ಮಶ್ರೀ 2013ರಲ್ಲಿ, ತೀರಿಕೊಂಡದ್ದು ಅದೇ 2013ರ ಆಗಸ್ಟಿನಲ್ಲಿ. ಪ್ರತಿ ನವೆಂಬರಿನಲ್ಲಿ ನಮ್ಮ ಬ್ರ್ಯಾಂಚಿಗೆ ಪಿಂಚಣಿದಾರರು ಬರುತ್ತಾರೆ, ಬದುಕಿದ್ದೇನೆ ಅಂತ ತೋರಿಸಿ ಜೀವನ ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಈ ಮೂರು ಪ್ರಶಸ್ತಿಗಳ ತಾರೀಖು ನೋಡಿದಾಗ ನನಗೆ ಆ ಕ್ಯೂ ನೆನಪಾಗುತ್ತದೆ. ಅಷ್ಟು ದಿನ ಬದುಕಿದ್ದಕ್ಕೆ ಕೊಟ್ಟದ್ದೋ, ಹಾಡಿದ್ದಕ್ಕೆ ಕೊಟ್ಟದ್ದೋ?

ಹಾಡುವ ಗಂಟಲಿಗೆ ಒಂದು ಆಯುಷ್ಯ ಇದೆ. ಬರೆಯುವವನು ಎಂಬತ್ತರಲ್ಲೂ ಬರೆದಾನು, ಚಿತ್ರ ತೆಗೆಯುವವನು ತೆಗೆದಾನು. ಜಾತ್ರೆಯ ಥೇಟರಿನಲ್ಲಿ ಸೀತೆಯಾಗಿ ಎರಡು ಆಟ ಹಾಡುವವಳು ಐವತ್ತಕ್ಕೆ ತಾಯಿ ಪಾರ್ಟಿಗೆ ಬರುತ್ತಾಳೆ, ಅರವತ್ತಕ್ಕೆ ಊರಿಗೆ ಹೋಗುತ್ತಾಳೆ. ಆಮೇಲೆ ಇಪ್ಪತ್ತು ವರ್ಷ ಸುಮ್ಮನೆ ಕಾಯಬೇಕು. ನಮ್ಮ ರಾಜ್ಯದ್ದೂ ಇದೇ ದಾರಿ. ರಾಜ್ಯೋತ್ಸವ ಪ್ರಶಸ್ತಿಗೆ ಅರವತ್ತು ತುಂಬಿರಬೇಕು ಅಂತ ನಿಯಮ ಮಾಡಿದ್ದಾರೆ. ಎಷ್ಟು ಮಂದಿಗೆ ಕೊಡಬೇಕು ಅನ್ನುವುದಕ್ಕೂ ಒಂದು ಮಜವಾದ ಲೆಕ್ಕ ಇದೆ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ. 2023ರಲ್ಲಿ 68, 2024ರಲ್ಲಿ 69, 2025ರಲ್ಲಿ 70. ಕಲಾವಿದರು ಎಷ್ಟು ಜನ ಇದ್ದಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಏನು ಅಂತ ಕೇಳಬೇಡಿ, ಹುಟ್ಟುಹಬ್ಬದ ಕೇಕಿನ ಮೇಣದಬತ್ತಿ ಇದ್ದ ಹಾಗೆ. ದಿಲ್ಲಿಯ ಸಂಗೀತ ನಾಟಕ ಅಕಾಡೆಮಿಯಂತೂ 2019, 2020, 2021 ಮೂರೂ ವರ್ಷದ ಪ್ರಶಸ್ತಿಗಳನ್ನು 2022ರ ನವೆಂಬರಿನಲ್ಲಿ ಒಟ್ಟಿಗೆ ಪ್ರಕಟಿಸಿತು. ಜೊತೆಗೆ ಎಪ್ಪತ್ತೈದು ದಾಟಿಯೂ ಯಾವ ರಾಷ್ಟ್ರೀಯ ಗೌರವವನ್ನೂ ಕಾಣದವರಿಗೆ ಅಂತ ಒಂದೇ ಸಲದ 'ಅಮೃತ ಪ್ರಶಸ್ತಿ' ಅಂತ ಮಾಡಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಹಂಚಿತು. ಒಳ್ಳೆಯದೇ ಆಯಿತು. ಆದರೆ ಎಪ್ಪತ್ತೈದರವರೆಗೆ ಕಣ್ಣಿಗೆ ಬೀಳದವರು ಇಷ್ಟು ಜನ ಇದ್ದರು ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ!

ಈ ವಿಷಯದಲ್ಲಿ ಪುಣೆಯವರಾದ ನಮಗೆ ಹತ್ತಿರದ ಒಂದು ಕಥೆ ಇದೆ. ನಮ್ಮ ಮಂದಿ ಜಂಗಲಿ ಮಹಾರಾಜ ರಸ್ತೆಯ ಬಾಲಗಂಧರ್ವ ರಂಗಮಂದಿರಕ್ಕೆ ಹೋಗುತ್ತಾರೆ, ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 1968ರಲ್ಲಿ ತೆರೆದ ರಂಗಮಂದಿರ ಅದು. ಮರಾಠಿ ಸಂಗೀತ ನಾಟಕದ ಅತಿ ದೊಡ್ಡ ನಾಯಕಿ ಯಾರು ಅಂತ ಕೇಳಿದರೆ ಪುಣೇಕರರು ಇವತ್ತಿಗೂ ಹೇಳುವುದು ಒಬ್ಬ ಗಂಡಸಿನ ಹೆಸರು, ನಾರಾಯಣರಾವ್ ರಾಜಹಂಸ ಅಂದರೆ ಬಾಲಗಂಧರ್ವ! ಒಂಬತ್ತು ವಾರಿ ಸೀರೆ ಉಟ್ಟು ಅವರು ಬಂದರೆ ಮನೆಮನೆಯ ಹೆಂಗಸರು ಅವರನ್ನು ನೋಡಿ ಸೀರೆ ಉಡುವುದನ್ನು ಕಲಿತರಂತೆ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ. ಅಂದು ಯಾರಾದರೂ "ಈ ಸಲ ಸಂಗೀತ ನಾಟಕದ ಯಾವ ನಾಯಕಿಗೆ ಪ್ರಶಸ್ತಿ?" ಅಂತ ಪಂಥ ಕಟ್ಟಿದ್ದರೆ, ಹೆಂಗಸಿನ ಹೆಸರು ಹೇಳಿದವರೆಲ್ಲ ದುಡ್ಡು ಕಳೆದುಕೊಳ್ಳುತ್ತಿದ್ದರು. ಅವರ ಯೋಗ್ಯತೆಯನ್ನು ನಾನು ಪ್ರಶ್ನಿಸುತ್ತಿಲ್ಲ, ಆ ಗಾಯನದ ತಟ್ಟೆಗಳು ಇವೆ, ಕೇಳಬಹುದು.

ಬಾಲಗಂಧರ್ವರಿಗೆ ವಯಸ್ಸಾಗುತ್ತ ಬಂದಾಗ, 1930ರ ದಶಕದ ಕೊನೆಯ ಹೊತ್ತಿಗೆ, ಅವರ ಮಂಡಳಿಗೆ ಬಂದು ನಾಯಕಿಯ ಪಾತ್ರಗಳನ್ನು ಹೊತ್ತುಕೊಂಡವಳು ಯಾರು ಗೊತ್ತೇನ್ರೀ? ಗೋಹರ್ ಕರ್ನಾಟಕಿ. ಹೆಸರಿನಲ್ಲೇ ಇದೆ, ನಮ್ಮವಳು. ಬಿಜಾಪುರ ಜಿಲ್ಲೆಯ ಬೀಳಗಿಯ ಹುಡುಗಿ. ಆ ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಬಂತು. ಸಿನಿಮಾದಲ್ಲಿ ಹೆಸರು ಮಾಡಿದ, 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ ಅಮೀರಬಾಯಿ ಕರ್ನಾಟಕಿಯ ಸಹೋದರಿ. ಗಂಡು ಹೆಣ್ಣಿನ ಪಾತ್ರ ಮಾಡಿ ದೇವರಾದ ಊರಿನಲ್ಲಿ, ಒಬ್ಬ ನಿಜವಾದ ಹೆಣ್ಣು, ಅದೂ ಮುಸ್ಲಿಂ ಹೆಣ್ಣು, ಅದೂ ಕನ್ನಡದವಳು, ಆ ಪಾತ್ರ ಮಾಡಲಿಕ್ಕೆ ನಿಂತಳು. ಜನ ಏನು ಅಂದಿರಬಹುದು ಅಂತ ನೀವೇ ಊಹಿಸಿ. ನಮ್ಮ ನಾರಾಯಣರಾವ್‌ನನ್ನು ಕಸಿದುಕೊಂಡಳು ಅನ್ನುವ ದೂರು ನಾನು ಇದೇ ಪುಣೆಯಲ್ಲಿ, ವಯಸ್ಸಾದ ನಾಟ್ಯರಸಿಕರ ಬಾಯಲ್ಲಿ ಕೇಳಿದ್ದೇನೆ. ಆಕೆ ಹೇಗೆ ಹಾಡುತ್ತಿದ್ದಳು ಅಂತ ಕೇಳಿದರೆ ಮಾತ್ರ ಅವರ ಹತ್ತಿರ ಉತ್ತರ ಇಲ್ಲ, "ಹಾಡುತ್ತಿದ್ದಳು, ಆದರೆ..." ಅಂತ ಅಷ್ಟಕ್ಕೇ ಬಿಡುತ್ತಾರೆ. ಮುಂದೆ ಬಾಲಗಂಧರ್ವರ ಕಾಲುಗಳು ಸೋತವು. ಆ ದಿನಗಳಲ್ಲೂ ಆಕೆ ಅವರ ಜೊತೆಗೇ ಇದ್ದಳು. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ 1964ರಲ್ಲಿ ಗೋಹರ್ ತೀರಿಕೊಂಡಳು.

ಈಗ ಹೇಳಿ, ಗೋಹರಳ ಫೈಲು ಯಾರು ಒಯ್ದು ಕೊಡಬೇಕಿತ್ತು? ಮಹಾರಾಷ್ಟ್ರಕ್ಕೆ ಆಕೆ ಕರ್ನಾಟಕಿ, ಕರ್ನಾಟಕಕ್ಕೆ ಆಕೆ ಮರಾಠಿ ರಂಗಭೂಮಿಯವಳು. ಕಂಪನಿ ಆಕೆಯದಲ್ಲ. ಸಂಪ್ರದಾಯಸ್ಥರಿಗೆ ಆಕೆ ಬೇಡ. ನನ್ನ ಎರಡೂ ಸೂತ್ರಗಳನ್ನು ಹಾಕಿ ನೋಡಿ, ಆಕೆಗೆ ಏನೂ ಬರುವುದಿಲ್ಲ ಅಂತ ನಾನು ಅವತ್ತೇ ಬರೆದುಕೊಡುತ್ತಿದ್ದೆ. ರಹಮತ್ ತರೀಕೆರೆಯವರು ಅಮೀರಬಾಯಿಯ ಮೇಲೆ ಪುಸ್ತಕ ಬರೆದಿದ್ದಾರೆ, ಇಂಥ ಹೆಣ್ಣುಮಕ್ಕಳ ಬದುಕು ಕನ್ನಡದಲ್ಲಿ ದಾಖಲಾದದ್ದು ಅಂಥವರಿಂದ. ಮಗರಪಟ್ಟಾದ ನಮ್ಮ ಬಾಗಲಕೋಟೆ ಗೆಳೆಯರಲ್ಲಿ ಎಷ್ಟು ಮಂದಿ ಓದಿದ್ದೀರಿ? (ಕೈ ಎತ್ತುವುದು ಬೇಡ ಬಿಡಿ.)

ಅಂದಹಾಗೆ ಸಂಗೀತ ನಾಟಕ ಮರಾಠಿಯವರದು, ಕಂಪನಿ ನಾಟಕ ನಮ್ಮದು ಅಂತ ಗೆರೆ ಎಳೆಯುವವರಿಗೆ ಒಂದು ಮಾತು. 1880ರ ಅಕ್ಟೋಬರ್ 31ರಂದು ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಮೊದಲು 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕ ಶುರು ಮಾಡಿದ್ದು ಕರ್ಕಿಯಿಂದ ಬಂದ ನಮ್ಮ ಭಾಗವತರ ಆಟ ನೋಡಿ. ಮಹಾರಾಷ್ಟ್ರ ಸರ್ಕಾರ ಕಿರ್ಲೋಸ್ಕರರ ಹೆಸರಿನಲ್ಲಿ ಸಂಗೀತ ರಂಗಭೂಮಿಗೆ ಅಂತಲೇ ಬೇರೆ ಜೀವನಗೌರವ ಪ್ರಶಸ್ತಿ ಇಟ್ಟಿದೆ. ಹಾಡುವ ನಾಟಕದವರನ್ನು ಮಾತಿನ ನಾಟಕದವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವ ಇಷ್ಟು ಬುದ್ಧಿ ಅವರಿಗೆ ಇದೆ. ನಮ್ಮಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಪ್ರಶಸ್ತಿ ಇದೆ, ನಾಟಕ ಅಕಾಡೆಮಿಯ ಪ್ರಶಸ್ತಿಗಳಿವೆ. ಅವುಗಳಲ್ಲಿ ಹಾಡುವ ನಟಿಗೆ ಅಂತ ಬೇರೆ ತಕ್ಕಡಿ ಎಲ್ಲಿದೆ?

ಇಷ್ಟು ಹೇಳಿದರೆ ಎದುರು ವಾದ ಬರುತ್ತದೆ. ಮೊದಲನೆಯದು, "ಈಗ ಕಾಲ ಬದಲಾಗಿದೆ ಸರ್, ಈಗ ಪದ್ಮಶ್ರೀ ಬಡವರಿಗೂ ಬರುತ್ತದೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಬರಲಿಲ್ಲವೇ, ತೊಗಲು ಗೊಂಬೆಯ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಬರಲಿಲ್ಲವೇ?" ಬಂತು. ಕೊಪ್ಪಳ ಜಿಲ್ಲೆಯ ಆ ಅಜ್ಜಿಯ ಫೋಟೋ ನೋಡಿ ನಾನೂ ಖುಷಿಪಟ್ಟೆ. ಪ್ರಶಸ್ತಿ ಬಂದಾಗ ಆಕೆಗೆ 96 ವರ್ಷ ಅನ್ನುವುದನ್ನು ಮಾತ್ರ ನನ್ನ ಎರಡನೆಯ ಸೂತ್ರದ ಪಕ್ಕದಲ್ಲಿ ಬರೆದಿಟ್ಟುಕೊಂಡೆ. ಇನ್ನೊಂದು, ಅವರಿಬ್ಬರೂ ಜಾನಪದದ ಖಾತೆಯವರು. ಜಾನಪದ ಅಂದರೆ ದಿಲ್ಲಿಗೆ ಅರ್ಥವಾಗುತ್ತದೆ, ಶಾಸ್ತ್ರೀಯ ಅಂದರೂ ಅರ್ಥವಾಗುತ್ತದೆ, ಆಧುನಿಕ ರಂಗಭೂಮಿ ಅಂದರೂ ಆಗುತ್ತದೆ. ಕಂಪನಿ ನಾಟಕದ ನಟಿ ಮೂರೂ ಖಾತೆಗೆ ಸೇರದ ಸಸ್ಪೆನ್ಸ್ ಎಂಟ್ರಿ. ಹಿಂದೂಸ್ತಾನಿ ರಾಗದಲ್ಲಿ ಹಾಡುತ್ತಾಳೆ, ಆದರೆ ಕಛೇರಿ ಮಾಡುವುದಿಲ್ಲ. ಹಳ್ಳಿಯ ಜನಕ್ಕೆ ಆಡುತ್ತಾಳೆ, ಆದರೆ ಜಾನಪದ ಅಲ್ಲ. ರಂಗದ ಮೇಲೆ ನಿಂತು ಆಡುತ್ತಾಳೆ, ಆದರೆ ಸೆಮಿನಾರಿಗೆ ಕರೆಯುವುದಿಲ್ಲ. ನಮ್ಮ ಕಸುಬಿನಲ್ಲಿ ಸಸ್ಪೆನ್ಸ್ ಖಾತೆಯನ್ನು ವರ್ಷಾಂತ್ಯಕ್ಕೆ ತೀರಿಸಲೇಬೇಕು, ಇಲ್ಲಿ ನೂರು ವರ್ಷದಿಂದ ಹಾಗೇ ಬಿದ್ದಿದೆ.

ಎರಡನೆಯ ವಾದ ಇನ್ನೂ ಕೆಟ್ಟದ್ದು. "ಕಂಪನಿ ನಾಟಕ ಈಗ ಬರೀ ಡಬಲ್ ಮೀನಿಂಗ್ ಆಗಿದೆ, ಅದಕ್ಕೇನು ಪ್ರಶಸ್ತಿ?" ಇದನ್ನು ಹೇಳುವವರು ಅದೇ ಸಂಜೆ ಟೀವಿಯಲ್ಲಿ ಏನು ನೋಡುತ್ತಾರೆ ಅಂತ ನಾನು ಕೇಳುವುದಿಲ್ಲ. ಆ ಮಾತು ಬರೆದವನು ಯಾರು, ಬರೆಸಿದ ಮಾಲೀಕ ಯಾರು, ಮುಂದಿನ ಸಾಲಿನಲ್ಲಿ ಕೂತು ಸೀಟಿ ಹೊಡೆದವನು ಯಾರು? ಬಾಯಿಪಾಠ ಮಾಡಿ ಹೇಳಿದವಳು ಮಾತ್ರ ಅಪರಾಧಿಯೇ? ಅದಿರಲಿ, ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರ ಜುಲೈಯಲ್ಲಿ ತೀರಿಕೊಂಡರು. ಅವರ ರಂಗಗೀತೆಗಳಲ್ಲಿ ಯಾವ ಡಬಲ್ ಮೀನಿಂಗ್ ಇತ್ತು? ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಅಂದಕೂಡಲೇ ನಮಗೆ 'ಜಗಜ್ಯೋತಿ ಬಸವೇಶ್ವರ' ನೆನಪಾಗುತ್ತದೆ, ಬಾಳಪ್ಪನವರ ಬಸವಣ್ಣ ನೆನಪಾಗುತ್ತಾರೆ. 103 ವರ್ಷ ಬಾಳಿ 2017ರಲ್ಲಿ ಹೋದರು ಆ ಹಿರಿಯರು. ಅದೇ ಕಂಪನಿಯಲ್ಲಿ ಹಾಡಿ ಆಡಿದ ಲಕ್ಷ್ಮೀಬಾಯಿ ಏಣಗಿಯವರ ಹೆಸರು ನಮ್ಮ ಗುಂಪಿನಲ್ಲಿ ಎಷ್ಟು ಜನರ ಬಾಯಿಗೆ ಬಂತು? ಒಬ್ಬರ ಬಾಯಿಗೂ ಇಲ್ಲ, ನಾನು ಎಣಿಸಿದ್ದೇನೆ.

ಮೂರನೆಯ ವಾದ, "ಪ್ರಶಸ್ತಿಯಿಂದ ಏನಾಗಬೇಕಾಗಿದೆ, ಕಲಾವಿದರಿಗೆ ಜನರ ಪ್ರೀತಿಯೇ ಪ್ರಶಸ್ತಿ." ಇದನ್ನು ಹೇಳುವವರಿಗೆಲ್ಲ ಪಿಂಚಣಿ ಇದೆ ಅನ್ನುವುದನ್ನು ಗಮನಿಸಿ. ಪದ್ಮಶ್ರೀ ಜೊತೆ ದುಡ್ಡು ಬರುವುದಿಲ್ಲ ನಿಜ, ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳಲಿಕ್ಕೂ ನಿಯಮದ ಪ್ರಕಾರ ಬರುವುದಿಲ್ಲ. ಆದರೆ ಅದು ಬಂದ ಮರುದಿನ ರೇಡಿಯೋದವರು ಬರುತ್ತಾರೆ, ಪೇಪರಿನವರು ಬರುತ್ತಾರೆ, ಯೂನಿವರ್ಸಿಟಿಯವರು ಬಂದು ದನಿ ಮುದ್ರಿಸಿಕೊಂಡು ಹೋಗುತ್ತಾರೆ. ಐವತ್ತರಲ್ಲಿ ಬಂದರೆ ದನಿ ಸಿಗುತ್ತದೆ. ಎಂಬತ್ತಾರರಲ್ಲಿ ಬಂದರೆ ಸಿಗುವುದು ನೆನಪು, ಅದೂ ಅರ್ಧ. ನನ್ನ ಜಗಳ ಇರುವುದು ಇಲ್ಲಿ. ತಡವಾಗಿ ಬಂದ ಪ್ರಶಸ್ತಿಯಿಂದ ನಟಿಗೆ ಎಷ್ಟು ನಷ್ಟವೋ ಅದಕ್ಕಿಂತ ಹೆಚ್ಚು ನಷ್ಟ ನಮ್ಮ ಮಕ್ಕಳಿಗೆ, ಅವರಿಗೆ ಕೇಳಲಿಕ್ಕೆ ಏನೂ ಉಳಿಯುವುದಿಲ್ಲ.

ನಾವು ಕೂತು ಈ ಮಾತಾಡುವ ಮಗರಪಟ್ಟಾ ಹೇಗೆ ಆಯಿತು ಅಂತ ಹೊಸದಾಗಿ ಬಂದವರಿಗೆ ಗೊತ್ತಿರಲಿಕ್ಕಿಲ್ಲ. ಹಡಪ್ಸರದ ಪಕ್ಕದ ಸುಮಾರು 400 ಎಕರೆ ಹೊಲ. ನೂರಕ್ಕೂ ಹೆಚ್ಚು ರೈತ ಮನೆತನಗಳು ಬಿಲ್ಡರನಿಗೆ ಮಾರಿ ಕೈತೊಳೆದುಕೊಳ್ಳದೆ ತಾವೇ ಕಂಪನಿ ಮಾಡಿ, ಯಾರ ಹೊಲ ಎಷ್ಟೋ ಅಷ್ಟು ಷೇರು ಅಂತ ಹಂಚಿಕೊಂಡರು. ಕಬ್ಬು ಬೆಳೆದವರ ಮಕ್ಕಳು ಇವತ್ತು ಷೇರುದಾರರು. ಯಾಕೆ ಆಯಿತು? ಅವರ ಹತ್ತಿರ ಉತಾರೆ ಇತ್ತು, ಹೆಸರು ಕಾಗದದ ಮೇಲಿತ್ತು. ನಾಟಕದ ಕಂಪನಿಯಲ್ಲಿ ಗೇಟು ತುಂಬಿಸಿದ್ದು ಹಾಡುವವಳ ಗಂಟಲು, ಆದರೆ ಆ ಗಂಟಲಿಗೆ ಉತಾರೆ ಇರಲಿಲ್ಲ. ಕಂಪನಿ ಮುಚ್ಚಿದಾಗ ಪರದೆ ಮಾಲೀಕನಿಗೆ, ಸೀನರಿ ಮಾಲೀಕನಿಗೆ, ಸಾಲವೂ ಮಾಲೀಕನಿಗೇ, ಸುಳ್ಳೇಕೆ ಹೇಳಲಿ. ಆಕೆಗೆ ಹೆಚ್ಚೆಂದರೆ ಒಂದು ಬೆನಿಫಿಟ್ ನೈಟು.

ಹಾಗಾದರೆ ಈ ಸಲ ಯಾರಿಗೆ ಬರುತ್ತದೆ? ಕೇಳಿಯೇ ಕೇಳುತ್ತೀರಿ ಅಂತ ಗೊತ್ತು. ಎಪ್ಪತ್ತೈದು ದಾಟಿದವಳು, ಸ್ವಂತ ಅಥವಾ ಮನೆತನದ ಸಂಸ್ಥೆ ಇದ್ದವಳು, ಹಾಡು ನಿಲ್ಲಿಸಿ ಹದಿನೈದು ವರ್ಷವಾದರೂ ಆದವಳು, ಮನೆಯಲ್ಲಿ ಓದಿದ ಮಗನೋ ಮೊಮ್ಮಗಳೋ ಇದ್ದವಳು. ಇಂಥವಳು ಯಾರೂ ಇಲ್ಲದಿದ್ದರೆ ಆ ಸಲ ಯಾರಿಗೂ ಇಲ್ಲ. ಹೆಸರು ನಿಮಗೆ ತಿಳಿದದ್ದು ಹಾಕಿಕೊಳ್ಳಿ.

ಪಂಥ ಬಿಟ್ಟು ಮಾಡುವ ಕೆಲಸ ಬೇರೆ ಇದೆ. ಪದ್ಮ ಪ್ರಶಸ್ತಿಗೆ ಈಗ ಯಾರು ಬೇಕಾದರೂ ಯಾರ ಹೆಸರನ್ನಾದರೂ ಆನ್‌ಲೈನಿನಲ್ಲಿ ಸೂಚಿಸಬಹುದು, ತನ್ನ ಹೆಸರನ್ನೂ ತಾನೇ ಸೂಚಿಸಿಕೊಳ್ಳಬಹುದು. 2026ರ ಪ್ರಶಸ್ತಿಗೆ 2025ರ ಮಾರ್ಚ್ 15ರಿಂದ ಜುಲೈ 31ರವರೆಗೆ ಬಾಗಿಲು ತೆರೆದಿತ್ತು. 800 ಪದದೊಳಗೆ ಸಾಧನೆ ಬರೆಯಬೇಕು, ಅಷ್ಟೇ. ಆ ನಾಲ್ಕೂವರೆ ತಿಂಗಳಲ್ಲಿ ನಮ್ಮ ಗುಂಪಿನಿಂದ ಒಂದು ಹೆಸರೂ ಹೋಗಲಿಲ್ಲ. ಆರು ತಿಂಗಳ ನಂತರ ಜನವರಿಯಲ್ಲಿ ಭವಿಷ್ಯ ಹೇಳಲಿಕ್ಕೆ ಮಾತ್ರ ಎಲ್ಲರೂ ಹಾಜರು! ನಾವೇನು ಓದು ಬಾರದವರೇ? ವಿಸಾ ಅರ್ಜಿ ತುಂಬುತ್ತೇವೆ, ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬುತ್ತೇವೆ, ಮಕ್ಕಳ ಅಮೆರಿಕದ ಕಾಲೇಜಿಗೆ ಹತ್ತು ಸಲ ತಿದ್ದಿದ ಪ್ರಬಂಧ ಬರೆದುಕೊಡುತ್ತೇವೆ. ಇಲಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಕೂತಿರುವ, ಇನ್ನೂ ದನಿ ಇರುವ ಒಬ್ಬ ಐವತ್ತೈದರ ನಟಿಗೆ 800 ಪದ ಬರೆಯಲಿಕ್ಕೆ ನಮಗೆ ಆಗುವುದಿಲ್ಲವೇ?

ಬರುವ ಜಾತ್ರೆಗೆ ಊರಿಗೆ ಹೋಗುವವರು ಇಷ್ಟು ಮಾಡಿ. ನಾಟಕ ಮುಗಿದ ಮೇಲೆ ಬಣ್ಣದ ಮನೆಯ ಹತ್ತಿರ ಹೋಗಿ, ಮಾಲೀಕರ ಒಪ್ಪಿಗೆ ಕೇಳಿ, ಆಕೆಯದೂ ಕೇಳಿ. ಪೂರ್ತಿ ಹೆಸರು, ಹುಟ್ಟಿದ ವರ್ಷ, ಯಾವ ಯಾವ ಕಂಪನಿ, ಯಾವ ಕ್ಯಾಂಪು, ಯಾವ ಪಾರ್ಟು, ಹಾರ್ಮೋನಿಯಂ ಯಾರು ನುಡಿಸುತ್ತಿದ್ದರು, ಎಲ್ಲ ಬರೆದುಕೊಳ್ಳಿ. ಹಳೆಯ ಹ್ಯಾಂಡ್‌ಬಿಲ್ಲು ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಕೇಳಿ ಇಸಕೊಂಡು ಬಂದು ಕಳೆಯಬೇಡಿ. ಎರಡು ಹಾಡು ರೆಕಾರ್ಡ್ ಮಾಡಿ, ಜನರೇಟರಿನ ಸದ್ದು ನಿಂತ ಮೇಲೆ. ತಂದು ನನಗೆ ಕೊಡಿ. ಟೈಪು ಮಾಡುವುದು, ಅರ್ಜಿ ತುಂಬುವುದು, ರಸೀದಿ ನಂಬರು ಬರೆದಿಡುವುದು ನನ್ನ ಪಾಲಿಗೆ ಇರಲಿ. ಆ ಕೆಲಸ ನನಗೆ ಬರುತ್ತದೆ.